ಶ್ರಾವಕನ ಧರ್ಮಸಂಕಟಗಳು: ನೋಂಪಿ, ಔಷಧ, ವ್ಯಾಪಾರ

ಭಾದ್ರಪದ ಶುಕ್ಲ ಚತುರ್ದಶಿಯ ಅನಂತನ ನೋಂಪಿಯನ್ನು 14 ವರ್ಷ ನಡೆಸಿ ಉದ್ಯಾಪನೆ ಮಾಡುವುದು ವಾಡಿಕೆ. 13 ವರ್ಷ ನಿರ್ವಿಘ್ನವಾಗಿ ನಡೆಸಿದ ಗೃಹಿಣಿಯೊಬ್ಬಳಿಗೆ ಕೊನೆಯ ವರ್ಷ ಮಧುಮೇಹ ತಲೆದೋರಿತೆಂದು ಭಾವಿಸಬಹುದು. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚುಮದ್ದು, ಹೊತ್ತಿಗೆ ಸರಿಯಾಗಿ ಆಹಾರ ಎಂದು ವೈದ್ಯರು ವಿಧಿಸಿದ್ದಾರೆ. "ಅಮ್ಮಾ, ಈ ವರ್ಷ ಉಪವಾಸ ಬೇಡ" ಎನ್ನುತ್ತಾನೆ ಮಗ. "13 ವರ್ಷ ಕೈಹಿಡಿದು ನಡೆಸಿದ ಸ್ವಾಮಿ ಒಂದು ದಿನಕ್ಕೆ ಕೈಬಿಡುತ್ತಾನೇನಪ್ಪ?" ಎನ್ನುತ್ತಾಳೆ ತಾಯಿ. ಇಬ್ಬರದೂ ಪ್ರೀತಿಯ ಮಾತೇ. ಆದರೆ ತಾಯಿಯ ಮಾತು ಭಕ್ತಿಯದೇ ಹೊರತು ಸಿದ್ಧಾಂತದ್ದಲ್ಲ. ವೀತರಾಗನಾದ ಜಿನನು ಯಾರ ಕೈಯನ್ನೂ ಹಿಡಿಯುವುದಿಲ್ಲ, ಬಿಡುವುದೂ ಇಲ್ಲ. ನಿರ್ಣಯದ ಭಾರವೆಲ್ಲ ಶ್ರಾವಕಿಯ ವಿವೇಕದ ಮೇಲೆಯೇ ಉಂಟು.

ಮೊದಲು ದೇಹದ ಸ್ಥಿತಿಯನ್ನು ತಿಳಿಯಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಎಂದಿನ ಪ್ರಮಾಣದಲ್ಲೇ ತೆಗೆದುಕೊಂಡು ಆಹಾರವನ್ನು ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಲ್ಲುದು. 100 ಮಿಲಿಲೀಟರ್ ರಕ್ತದಲ್ಲಿ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಅದನ್ನು ಕೊರತೆಯೆಂದು ಎಣಿಸುತ್ತಾರೆ. ಬೆವರು, ನಡುಕ, ಮಂಕು ಕವಿಯುವುದು ಇದರ ಲಕ್ಷಣಗಳು. ಮೀರಿದರೆ ಪ್ರಜ್ಞೆಯೂ ತಪ್ಪುತ್ತದೆ. ಹಾಗೆಂದು ಔಷಧವನ್ನು ತಾನೇ ನಿಲ್ಲಿಸಿಬಿಡುವುದೂ ಅಷ್ಟೇ ಅಪಾಯಕರ. ಪರ್ವಕ್ಕೆ ಕೆಲವು ವಾರ ಮುಂಚಿತವಾಗಿಯೇ ವೈದ್ಯರೊಡನೆ ಈ ಮಾತನ್ನು ಆಡಬೇಕೇ ಹೊರತು ಚತುರ್ದಶಿಯ ಬೆಳಿಗ್ಗೆ ಅಲ್ಲ.

ಇನ್ನು ಆಗಮದ ಮಾತು. ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ಸುಮ್ಮನೆ ತಪವೆನ್ನಲಿಲ್ಲ, ಶಕ್ತಿಗೆ ಅನುಸಾರವಾದ ತಪವೆಂದರು. ಶಕ್ತಿಯನ್ನು ಬಚ್ಚಿಡುವುದು ಹೇಗೆ ದೋಷವೋ ಇಲ್ಲದ ಶಕ್ತಿಯನ್ನು ಉಂಟೆಂದು ತೋರುವುದೂ ಹಾಗೆಯೇ. ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ 'ಅನಾದರ' ಎಂಬುದೊಂದಿದೆ. ಹಸಿವಿನಿಂದ ಬಳಲಿ ಆವಶ್ಯಕ ಕ್ರಿಯೆಗಳಲ್ಲಿ ಉತ್ಸಾಹ ತಪ್ಪುವುದೇ ಅದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಬಸದಿಗೆ ಹೋಗಲಾಗದೆ, ಸ್ವಾಧ್ಯಾಯ ಮಾಡಲಾಗದೆ, ಹಾಸಿಗೆಯ ಮೇಲೆ ಗಡಿಯಾರ ನೋಡುತ್ತ ಕಳೆದ ಉಪವಾಸವನ್ನು ನಮ್ಮ ಮನೆಗಳಲ್ಲಿ ಹೊಗಳುವವರೇ ಹೆಚ್ಚು. ಆಚಾರ್ಯರು ಅದನ್ನು ದೋಷಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ.

ಬಾಹ್ಯ ತಪಗಳು ಆರು. ಅನಶನವು ಅವುಗಳಲ್ಲಿ ಮೊದಲನೆಯದು ಮಾತ್ರ. ಹೊಟ್ಟೆ ತುಂಬ ಉಣ್ಣದ ಅವಮೌದರ್ಯವೂ ತಪವೇ, ಹಾಲು, ತುಪ್ಪ, ಬೆಲ್ಲ, ಎಣ್ಣೆ, ಉಪ್ಪುಗಳಲ್ಲಿ ಒಂದನ್ನೋ ಎಲ್ಲವನ್ನೋ ಬಿಡುವ ರಸಪರಿತ್ಯಾಗವೂ ತಪವೇ. ಉಪವಾಸದಲ್ಲಿಯೂ ಉತ್ತಮ, ಮಧ್ಯಮ, ಜಘನ್ಯ ಎಂಬ ಭೇದಗಳುಂಟು. ಮೇಲೆ ಹೇಳಿದ ಗೃಹಿಣಿ ಗುರುಗಳ ಬಳಿ ನಿವೇದಿಸಿಕೊಂಡು, ವೈದ್ಯರು ಒಪ್ಪಿದ ಹೊತ್ತುಗಳಲ್ಲಿ ನೀರಸ ಆಹಾರವನ್ನು ಮಿತವಾಗಿ ಸ್ವೀಕರಿಸಿ, ಉಳಿದ ಕಾಲವನ್ನು ಪೂಜೆ ಜಪಗಳಲ್ಲಿ ಕಳೆದರೆ ಆಕೆಯ 14ನೆಯ ವರ್ಷವು ಖಂಡಿತವಾಗುವುದಿಲ್ಲ. ನಡುವೆ ಸಕ್ಕರೆ ಇಳಿದ ಲಕ್ಷಣ ಕಂಡರೆ ಸೊಸೆ ಬೆಲ್ಲದ ನೀರನ್ನು ತಡಮಾಡದೆ ಕುಡಿಸಬೇಕು. ಪ್ರಾಯಶ್ಚಿತ್ತದ ವಿಚಾರ ಆಮೇಲೆ.

ಸಮಂತಭದ್ರ ಸ್ವಾಮಿಗಳ ಕಥೆ ಇಲ್ಲಿ ಸ್ಮರಣೀಯ. ಎಷ್ಟುಂಡರೂ ಭಸ್ಮವಾಗುವ ಭಸ್ಮಕ ವ್ಯಾಧಿ ಅವರಿಗೆ ತಗುಲಿದಾಗ, ಮುನಿವ್ರತ ಕೆಡುವುದಕ್ಕಿಂತ ಸಲ್ಲೇಖನವೇ ಲೇಸೆಂದು ಗುರುಗಳ ಅನುಮತಿ ಬೇಡಿದರೆಂದೂ ಗುರುಗಳು ಕೊಡಲಿಲ್ಲವೆಂದೂ ಪರಂಪರೆ ಹೇಳುತ್ತದೆ. ಮುನಿವೇಷವನ್ನು ಬಿಟ್ಟು, ರೋಗವನ್ನು ಗುಣಪಡಿಸಿಕೊಂಡು, ಮತ್ತೆ ದೀಕ್ಷೆ ತಾಳೆಂಬುದೇ ಅವರಿಗಾದ ಆಜ್ಞೆ. ಅದೇ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಕಾರಣಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಈ ನಾಲ್ಕಕ್ಕೂ ಪ್ರತೀಕಾರವಿಲ್ಲದಿರಬೇಕೆಂಬ ನಿಯಮವನ್ನು ಸೇರಿಸಿದ್ದಾರೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ಸಮಾಜವೆಲ್ಲ ಕಳವಳಗೊಂಡಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ನೀಡಿತು. ಭೇದವನ್ನು ಹೊರಗಿನವರಿಗೆ ತಿಳಿಸಬೇಕಾದ ನಾವು ಮೊದಲು ಈ 'ಪ್ರತೀಕಾರವಿಲ್ಲದ' ಎಂಬ ವಿಶೇಷಣವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು. ಗುಣವಾಗುವ ಕಾಯಿಲೆಗೆ ಮದ್ದನ್ನು ನಿರಾಕರಿಸುವುದು ಆ ವ್ರತದ ವ್ಯಾಪ್ತಿಗೆ ಬರುವುದಿಲ್ಲ.

ಮದ್ದು ಯಾವುದರಿಂದ ಆಯಿತೆಂಬುದು ಇನ್ನೊಂದು ಸಂಕಟ. ಇನ್ಸುಲಿನ್ 1921ರಲ್ಲಿ ಕಂಡುಹಿಡಿಯಲ್ಪಟ್ಟ ಮೇಲೆ ದಶಕಗಳವರೆಗೆ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಅದನ್ನು ತೆಗೆಯುತ್ತಿದ್ದರು. 1982ರಿಂದ ಸೂಕ್ಷ್ಮಾಣುಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ ಬಳಕೆಗೆ ಬಂದುದರಿಂದ ಆ ಸಂಕಟ ಬಹುಮಟ್ಟಿಗೆ ತೀರಿತು. ಆದರೆ ಕ್ಯಾಪ್ಸೂಲಿನ ಕವಚ ಸಾಮಾನ್ಯವಾಗಿ ಪಶುಗಳ ಮೂಳೆ ಚರ್ಮಗಳಿಂದ ಬಂದ ಜೆಲಾಟಿನ್. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ಬರುವುದು. 'ಪ್ರಾಣಿ ಹೇಗೂ ಸತ್ತಿತ್ತು, ಔಷಧಕ್ಕೆ ದೋಷವಿಲ್ಲ' ಎಂಬ ಸಮಾಧಾನವನ್ನು ಕೆಲವರು ಹೇಳಿಕೊಳ್ಳುತ್ತಾರೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಈ ಬಾಗಿಲನ್ನು ಮುಚ್ಚಿದೆ; ತಾನಾಗಿ ಸತ್ತ ಪ್ರಾಣಿಯ ಮಾಂಸದಲ್ಲಿಯೂ ತಾನಾಗಿ ಸುರಿದ ಜೇನಿನಲ್ಲಿಯೂ ಹಿಂಸೆಯುಂಟೆಂದೇ ಅಲ್ಲಿಯ ನಿರ್ಣಯ. ಆದ್ದರಿಂದ ದೋಷವಿಲ್ಲವೆಂದು ವಾದಿಸುವುದಕ್ಕಿಂತ ಪರ್ಯಾಯವನ್ನು ಹುಡುಕುವುದು ಮೇಲು. ಅನೇಕ ಔಷಧಗಳು ಮಾತ್ರೆಯ ರೂಪದಲ್ಲಿಯೋ ಸಸ್ಯಮೂಲದ ಕವಚದಲ್ಲಿಯೋ ದೊರೆಯುತ್ತವೆ, ವೈದ್ಯರನ್ನು ಕೇಳಬೇಕಷ್ಟೆ. ಜೇನಿನ ಅನುಪಾನವನ್ನು ಹೇಳುವ ಪಂಡಿತರೂ ಕೇಳಿದರೆ ಬಿಸಿನೀರನ್ನೋ ತುಪ್ಪವನ್ನೋ ಸೂಚಿಸಬಹುದು. ಹೃದಯದ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನಿಗೆ ಆಯ್ಕೆಯ ಅವಕಾಶ ಕಡಿಮೆ. ಅಲ್ಲಿ ಸ್ವೀಕರಿಸಿ, ದೋಷವನ್ನು ದೋಷವೆಂದೇ ಒಪ್ಪಿ, ಗುಣವಾದ ಮೇಲೆ ಗುರುಸಾಕ್ಷಿಯಾಗಿ ಆಲೋಚನೆ ಮಾಡುವುದು ಪ್ರಾಮಾಣಿಕವಾದ ದಾರಿ.

ರಾತ್ರಿಭೋಜನ ತ್ಯಾಗ ಮಾಡಿದವರ ರಾತ್ರಿಯ ಮಾತ್ರೆಯ ಪ್ರಶ್ನೆ ಇಷ್ಟು ಕಠಿಣವಲ್ಲ. ವ್ರತ ಸ್ವೀಕರಿಸುವಾಗಲೇ ನೀರು ಮತ್ತು ಔಷಧದ ವಿನಾಯಿತಿಯನ್ನು ಸ್ಪಷ್ಟವಾಗಿ ಇಟ್ಟುಕೊಳ್ಳುವ ರೂಢಿ ಇದೆ. ಇಟ್ಟುಕೊಳ್ಳದವರು ಸೂರ್ಯಾಸ್ತಕ್ಕೆ ಮುಂಚೆ ಸೇವಿಸಬಹುದೇ ಎಂದು ವೈದ್ಯರನ್ನು ವಿಚಾರಿಸಬಹುದು.

ವ್ಯಾಪಾರದಲ್ಲಿ ಸಂಕಟವು ಸಂಕಟವೆಂದು ತೋರುವುದೇ ಇಲ್ಲ. ಅದೇ ಅಲ್ಲಿಯ ಕಷ್ಟ. ತೂಕದ ಬಟ್ಟು ಬದಲಿಸುವವನಿಗೂ ಹಳೆಯ ಅಡಕೆಯನ್ನು ಹೊಸತೆಂದು ಮಾರುವವನಿಗೂ ತಾನು ಮಾಡುವುದೇನೆಂಬುದು ಗೊತ್ತು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ ಎಂದು ಅವನ್ನು ಹೆಸರಿಸಿಯೇ ಹೇಳಿದೆ. ಸೂಕ್ಷ್ಮವಾದುದು ನ್ಯಾಸಾಪಹಾರ. ಒಬ್ಬಾಕೆ ಗಿರವಿ ಅಂಗಡಿಯಲ್ಲಿ 4 ಬಳೆಗಳನ್ನು ಇಟ್ಟಿದ್ದಾಳೆ. ಚೀಟಿ ಕಳೆದಿದೆ. ಎರಡು ವರ್ಷದ ಮೇಲೆ ಬಡ್ಡಿ ಸಮೇತ ಹಣ ತಂದು, "ಅಣ್ಣಾ, ನನ್ನ 3 ಬಳೆ ಕೊಡಿ" ಎನ್ನುತ್ತಾಳೆ. ಸಾಹುಕಾರನು "ಆಗಲಿ ತಾಯಿ" ಎಂದು ಮೂರನ್ನು ಎಣಿಸಿ ಕೊಡುತ್ತಾನೆ. ಅವನು ಕದಿಯಲಿಲ್ಲ, ಕೇಳಿದುದನ್ನೇ ಕೊಟ್ಟ. ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ ಹಾಗೆಯೇ ಆಗಲಿ ಎಂದು ಒಪ್ಪುವುದೇ ನ್ಯಾಸಾಪಹಾರವೆಂದು ಪೂಜ್ಯಪಾದರು ಈ ಸಂದರ್ಭವನ್ನೇ ಹೇಳಿದ್ದಾರೆ. ಇದು ಅಚೌರ್ಯದ ಕೆಳಗೆ ಇರದೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿರುವುದನ್ನು ವಾಚಕರು ಗಮನಿಸಬೇಕು. ಬಳೆ ಪೆಟ್ಟಿಗೆಯಲ್ಲಿ ಉಳಿಯುವುದಕ್ಕೆ ಮೊದಲೇ 'ಆಗಲಿ' ಎಂಬ ಎರಡು ಅರ್ಥದ ಮಾತಿನಲ್ಲಿ ವ್ರತ ಸೋರಿಹೋಯಿತು. ಎರಡು ಸಲ ಹಣ ಕಟ್ಟಿದ ಗಿರಾಕಿಯ ವಿಷಯದಲ್ಲಿ, ತೀರಿಹೋದ ಪಾಲುದಾರನ ಮಕ್ಕಳಿಗೆ ತಿಳಿಯದ ಠೇವಣಿಯ ವಿಷಯದಲ್ಲಿ, ಸುಮ್ಮನಿರುವವರೆಲ್ಲ ಈ ಸಾಹುಕಾರನ ಸಾಲಿನವರೇ. ದಶಲಕ್ಷಣದ 10 ದಿನವೂ ಉಪವಾಸವಿದ್ದು 11ನೆಯ ದಿನ ಇಂಥ ಲೆಕ್ಕವನ್ನು ತೆರೆದು ನೋಡದವನ ಪಾರಣೆ ಎಂಥದು?

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದಾದ ಅನ್ನಪಾನನಿರೋಧವನ್ನು ಗಾಡಿಯ ಎತ್ತಿಗೆ ಹುಲ್ಲು ನೀರು ತಪ್ಪಿಸುವುದೆಂದೇ ಹಲವರು ತಿಳಿದಿದ್ದಾರೆ. ಎತ್ತಿನ ಗಾಡಿಗಳು ವಿರಳವಾಗಿವೆ. ಮಧ್ಯಾಹ್ನ ಮೂರು ಗಂಟೆಯಾದರೂ ಊಟಕ್ಕೆ ಬಿಡದ ಅಂಗಡಿಯ ಹುಡುಗನಿದ್ದಾನೆ, ಯಜಮಾನರನ್ನು ತೀರ್ಥಯಾತ್ರೆಗೆ ಕರೆದೊಯ್ದ ಚಾಲಕನಿದ್ದಾನೆ. ಪರ್ವದ ದಿನ ಮನೆಯವರೆಲ್ಲ ಉಪವಾಸವಿದ್ದು ಒಲೆ ಹೊತ್ತಿಸದ ಮನೆಗೆ ಬೆಳಿಗ್ಗೆಯೇ ಪಾತ್ರೆ ತಿಕ್ಕಲು ಬರುವ ಹೆಣ್ಣುಮಗಳು ವ್ರತ ತೊಟ್ಟವಳಲ್ಲ. ಆಕೆಯ ಊಟದ ಏರ್ಪಾಡು ಹಿಂದಿನ ದಿನವೇ ಆಗಿರಬೇಕು.