ತಮಾಷೆ ಎಲ್ಲಿಗೆ ಮುಗಿಯುತ್ತದೆ?

ಶಾಂತಿಗ್ರಾಮದಲ್ಲಿ ಬೆಳಗಿನ ಬಸ್ಸು ಹತ್ತಿ ಹಾಸನಕ್ಕೋ ಚನ್ನರಾಯಪಟ್ಟಣಕ್ಕೋ ಓದಲು ಹೋಗುವ ಮಕ್ಕಳೇ, ಒಂದು ಮಾತು ಕೇಳಿ. ಗೆಳೆಯರೆಂದ ಮೇಲೆ ತಮಾಷೆ ಇರಲಿ. ಆದರೆ ತಮಾಷೆಗೆ ಇಬ್ಬರೂ ನಗಬೇಕು. ಒಬ್ಬರೇ ದಿನಾ ಗುರಿಯಾಗುತ್ತಿದ್ದರೆ, "ಸಾಕು" ಎಂದ ಮೇಲೂ ನಿಲ್ಲದಿದ್ದರೆ, ಅದು ಕಿರುಕುಳ. ಬಣ್ಣ, ಜಾತಿ, ಮೈಕಟ್ಟು ಹಿಡಿದು ಅಡ್ಡಹೆಸರು ಕೂಗುವುದು, ಬಸ್ಸಿನ ನೂಕುನುಗ್ಗಲಲ್ಲಿ ಬೇಕೆಂದೇ ಮೈ ತಾಗಿಸುವುದು, ಫೋಟೊ ತಿರುಚಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದು, ಎಲ್ಲವೂ ಕಿರುಕುಳವೇ.

ನಿಮಗೆ ಹೀಗಾದರೆ ತಪ್ಪು ನಿಮ್ಮದಲ್ಲ. ಸಿಟ್ಟಿನಲ್ಲಿ ಮೆಸೇಜ್ ಅಳಿಸಬೇಡಿ. ಹಾಗೇ ಉಳಿಸಿಕೊಂಡು, ದಿನ, ಸಮಯ ಬರೆದಿಡಿ. ಅಮ್ಮನಿಗೋ ಅಕ್ಕನಿಗೋ ನಂಬಿಕೆಯ ಮೇಷ್ಟ್ರಿಗೋ ಅಂದೇ ಹೇಳಿ. ಹದಿನೆಂಟು ತುಂಬದವರಿಗೆ 1098 ಮಕ್ಕಳ ಸಹಾಯವಾಣಿ ಹಗಲಿರುಳೂ ಉಚಿತ. ತಕ್ಷಣದ ಅಪಾಯವಿದ್ದರೆ 112. ಮಕ್ಕಳಿಗೆ ಲೈಂಗಿಕ ಕಿರುಕುಳ ಕೊಡುವವರಿಗೆ 2012ರ ಪೋಕ್ಸೊ ಕಾಯ್ದೆಯಡಿ ಜೈಲುಶಿಕ್ಷೆ ಇದೆ. ಬಸ್ ನಿಲ್ದಾಣದ ಕತ್ತಲು, ದಾರಿಯ ಪುಂಡಾಟಿಕೆ ಇಂಥವನ್ನು ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅದು ನಿಮಗಾಗಿಯೇ ಇರುವ ಸಭೆ.

ನೋಡುತ್ತಾ ನಿಂತವರ ನಗುವೇ ಕಾಡುವವರಿಗೆ ಬಲ. ನೀವು ನಗಬೇಡಿ, ಆ ಫೋಟೊ ಮುಂದಕ್ಕೆ ಕಳಿಸಬೇಡಿ. ನೊಂದವರ ಪಕ್ಕದ ಸೀಟಿನಲ್ಲಿ ಹೋಗಿ ಕೂರಿ, "ಊಟ ಆಯ್ತಾ?" ಎಂದು ಮಾತಿಗೆಳೆಯಿರಿ. ಆಮೇಲೆ ದೊಡ್ಡವರಿಗೆ ಹೇಳಲು ಜೊತೆಗೆ ಹೋಗಿ.

ಹೆತ್ತವರಲ್ಲೂ ಒಂದು ವಿನಂತಿ: ಮಗಳು ಬಾಯಿಬಿಟ್ಟರೆ "ನಾಳೆಯಿಂದ ಕಾಲೇಜು ಬೇಡ" ಎನ್ನಬೇಡಿ. ಆ ಭಯಕ್ಕೇ ಎಷ್ಟೋ ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡು ಸಹಿಸುತ್ತಾರೆ. ಮೊದಲು ಪೂರ್ತಿ ಕೇಳಿಸಿಕೊಳ್ಳಿ. ನಿಲ್ಲಬೇಕಾದದ್ದು ಕಿರುಕುಳ, ಅವಳ ಓದಲ್ಲ.