ಹಿತ್ತಲಿನಲ್ಲಿ ಸಿಹಿ ಮೆಕ್ಕೆಜೋಳದ ಬೇಸಾಯ

(ಬೀದರ ನಗರ, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಗೃಹಸ್ಥರಿಗೂ ರೈತರಿಗೂ)

ಪೀಠಿಕೆ.— ಸಿಹಿ ಮೆಕ್ಕೆಜೋಳವು ಸಾಧಾರಣ ಗೋವಿನಜೋಳದ ಜಾತಿಯದೇ ಆಗಿರುವುದು. ಇದರ ಎಳೆಗಾಳಿನಲ್ಲಿ ಸಕ್ಕರೆಯು ಬೇಗನೆ ಹಿಟ್ಟಾಗಿ ಮಾರ್ಪಡದಿರುವುದರಿಂದ ತೆನೆಯು ಬಹು ರುಚಿಯಾಗಿರುವುದು. ಆದರೆ ಹಿತ್ತಲಿನಲ್ಲಿ ಇದನ್ನು ಒಮ್ಮೆ ಬಿತ್ತಿದವರಲ್ಲಿ ಹಲವರು ಮರುವರ್ಷ ಬಿತ್ತುವುದಿಲ್ಲ. ಗಿಡಗಳು ಆಳೆತ್ತರ ಬೆಳೆದರೂ ತೆನೆಯಲ್ಲಿ ಕಾಳು ಅಲ್ಲೊಂದು ಇಲ್ಲೊಂದು ಮಾತ್ರ ಕಟ್ಟಿರುವುದು; ಕಟ್ಟಿದ ಕಾಳೂ ಸಪ್ಪೆಯಾಗಿರುವುದು. ಬೀಜದ ಹಣವೂ ಮೂರು ತಿಂಗಳ ನೀರೂ ಹೀಗೆ ವ್ಯರ್ಥವಾಗುವುವು. ಇದಕ್ಕೆ ಭೂಮಿಯ ದೋಷಕ್ಕಿಂತ ಬಿತ್ತನೆಯ ಕ್ರಮದ ದೋಷವೇ ಹೆಚ್ಚಾಗಿ ಕಾರಣವು.

1. ಪರಾಗದ ವಿಚಾರ.— ಗಿಡದ ತುದಿಯ ಸೂಲಂಗಿಯು ಗಂಡು ಹೂವು. ನಡುವಿನ ತೆನೆಯು ಹೆಣ್ಣು. ತೆನೆಯ ಒಂದೊಂದು ಕೂದಲೂ ಒಂದೊಂದು ಕಾಳಿಗೆ ಸೇರಿರುವುದು. ಪರಾಗವು ತಗಲದ ಕೂದಲಿನ ಕಾಳು ಕಟ್ಟುವುದಿಲ್ಲ. ಪರಾಗವನ್ನು ಸಾಗಿಸತಕ್ಕದ್ದು ಮುಖ್ಯವಾಗಿ ಗಾಳಿಯೇ. ಬೇಲಿಯ ಉದ್ದಕ್ಕೂ ಒಂದೇ ಸಾಲು ಬಿತ್ತಿದರೆ ಪರಾಗವೆಲ್ಲ ಗಾಳಿಗೆ ಹಾರಿ ಹೊರಗೆ ಹೋಗುವುದು. ಆದಕಾರಣ ಇದನ್ನು ಚೌಕಾಕಾರದ ಮಡಿಯಲ್ಲಿ, ನಾಲ್ಕು ಸಾಲುಗಳಿಗೆ ಕಡಿಮೆಯಿಲ್ಲದಂತೆ, ಬಿತ್ತತಕ್ಕದ್ದು.

ಎರಡನೆಯದಾಗಿ, ಸಾಧಾರಣ ಗೋವಿನಜೋಳದ ಪರಾಗವು ತಗಲಿದರೆ ಸಿಹಿ ತೆನೆಯ ಕಾಳು ಅದೇ ಬೆಳೆಯಲ್ಲಿಯೇ ಹಿಟ್ಟುಗಾಳಾಗುವುದು. ನೆರೆಯ ಹೊಲದಲ್ಲಿ ಗೋವಿನಜೋಳವಿದ್ದರೆ ಮೂರು ವಾರ ಹಿಂದು ಮುಂದಾಗಿ ಬಿತ್ತಿ, ಎರಡೂ ಏಕಕಾಲದಲ್ಲಿ ಹೂಬಿಡದಂತೆ ನೋಡಿಕೊಳ್ಳಬೇಕು. ಬಿಳಿಜೋಳವು ಪಕ್ಕದಲ್ಲಿದ್ದರೆ ಈ ಭಯವಿಲ್ಲ.

2. ಭೂಮಿ.— ಬೀದರ ನಗರದ ಕೆಂಪು ನೆಲದ ಕೆಳಗೆ ಜಂಬಿಟ್ಟಿಗೆಯಿರುವುದು. ನೀರು ಅದರಲ್ಲಿ ಬೇಗನೆ ಕೆಳಗಿಳಿಯುವುದು. ಬಹಮನಿ ಅರಸರ ಕಾಲದಲ್ಲಿ ನೌಬಾದಿನ ಸುರಂಗ ಕಾಲುವೆಯನ್ನು ಕೊರೆದು ಅಂತರ್ಜಲವನ್ನು ತಂದುದು ಇಂತಹ ನೆಲದಲ್ಲಿಯೇ. ಇಲ್ಲಿ ಗೊಬ್ಬರವು ಹೆಚ್ಚಾಗಿ ಬೇಕು. ನೀರನ್ನು ಸ್ವಲ್ಪಸ್ವಲ್ಪವಾಗಿ ಪದೇಪದೇ ಕೊಡಬೇಕು. ಭಾಲ್ಕಿ ಮತ್ತು ಔರಾದ ಕಡೆಯ ಎರೆಭೂಮಿಯು ತೇವವನ್ನು ಹಿಡಿದಿಡುವುದಾದರೂ ಮಳೆಗಾಲದಲ್ಲಿ ನೀರು ನಿಂತು ಎಳೆಯ ಸಸಿಗಳು ಹಳದಿಯಾಗುವುವು. ಅಲ್ಲಿ ಬೋದು ಎಳೆದು, ಬೋದಿನ ಮೇಲೆ ಬಿತ್ತಿ, ಹೆಚ್ಚಿನ ನೀರಿಗೆ ದಾರಿ ಮಾಡಬೇಕು.

3. ಕಾಲ ಮತ್ತು ಬೀಜ.— ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ನೆಲವು ಚೆನ್ನಾಗಿ ಹಸಿಯಾದ ಮೇಲೆ ಬಿತ್ತುವುದು ಉತ್ತಮ. ನೀರಿನ ಅನುಕೂಲವಿದ್ದವರು ಅಕ್ಟೋಬರ್ ಕೊನೆಯಲ್ಲಿಯೂ ಬಿತ್ತಬಹುದು. ಡಿಸೆಂಬರಿನ ಚಳಿಯಲ್ಲಿ ಈ ಸುಕ್ಕುಬೀಜವು ಸರಿಯಾಗಿ ಮೊಳೆಯದು. ಏಪ್ರಿಲ್, ಮೇ ಬಿಸಿಲಿಗೆ ಹೂವು ಬಂದರೆ ಪರಾಗವು ಒಣಗಿಹೋಗುವುದು. ಸಂಕರ ಬೀಜದ ಬೆಳೆಯಿಂದ ಮರುಬೀಜ ಇಡಬಾರದು. ಬಣ್ಣ ಹಚ್ಚಿದ ಬೀಜಕ್ಕೆ ವಿಷೌಷಧಿ ಲೇಪಿಸಿರುವುದರಿಂದ ಮಕ್ಕಳ ಕೈಗೂ ಕೋಳಿಗಳಿಗೂ ಸಿಕ್ಕದಂತೆ ಇಡತಕ್ಕದ್ದು.

4. ಬಿತ್ತನೆ ಮತ್ತು ಗೊಬ್ಬರ.— 10 ಅಡಿ ಚೌಕದ ಮಡಿಗೆ 20 ಕಿಲೋ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ 150 ಗ್ರಾಂ ಡಿ.ಎ.ಪಿ.ಯನ್ನೂ ಮಣ್ಣಿನಲ್ಲಿ ಬೆರೆಸಬೇಕು. 2 ಅಡಿಗೊಂದರಂತೆ 5 ಸಾಲು ಮಾಡಿ, 10 ಅಂಗುಲಕ್ಕೊಂದು ಗುಣಿಯಲ್ಲಿ ಎರಡೆರಡು ಬೀಜವನ್ನು ಒಂದೂವರೆ ಅಂಗುಲ ಆಳಕ್ಕೆ ಊರಬೇಕು. ಹತ್ತು ಹನ್ನೆರಡು ದಿನಗಳ ತರುವಾಯ ಗುಣಿಗೊಂದು ಗಟ್ಟಿ ಸಸಿಯನ್ನುಳಿಸಿದರೆ ಮಡಿಗೆ 60 ಗಿಡಗಳಾಗುವುವು. ಗಿಡವು ಮೊಣಕಾಲೆತ್ತರವಾದಾಗ 100 ಗ್ರಾಂ, ಸೂಲಂಗಿ ಬರುವ ಮುನ್ನ 100 ಗ್ರಾಂ ಯೂರಿಯಾವನ್ನು ಬುಡದಿಂದ ನಾಲ್ಕು ಅಂಗುಲ ದೂರಕ್ಕೆ ಹಾಕಿ, ಮಣ್ಣೇರಿಸಿ, ನೀರು ಕೊಡತಕ್ಕದ್ದು.

5. ನೀರು.— ಸೂಲಂಗಿಯು ಬಂದಂದಿನಿಂದ ಕೂದಲು ಒಣಗುವವರೆಗೆ ನೀರು ತಪ್ಪಬಾರದು. ಈ ಎರಡು ಮೂರು ವಾರಗಳಲ್ಲಿ ನೆಲವು ಒಣಗಿದರೆ ಆಮೇಲೆ ಎಷ್ಟು ನೀರೆರೆದರೂ ನಷ್ಟವು ತುಂಬಿಬರದು. ನೀರಿನ ಅಭಾವವಿರುವ ಔರಾದದಂತಹ ಕಡೆಗಳಲ್ಲಿ ಮಡಿಯನ್ನು ಚಿಕ್ಕದಾಗಿ ಮಾಡಿ, ಕಸಕಡ್ಡಿಯನ್ನು ಹೊದಿಸಿ, ಇರುವ ನೀರನ್ನು ಈ ಸಮಯಕ್ಕೆ ಕಾದಿಡುವುದು ಜಾಣತನ. ಇದೇ ಕಾಲದಲ್ಲಿ ನಾಲ್ಕೈದು ದಿನ ಬೆಳಗಿನ ಹೊತ್ತು ಗಿಡಗಳನ್ನು ಮೆಲ್ಲಗೆ ಅಲುಗಿಸಿದರೆ ಪರಾಗವು ಕೂದಲಿನ ಮೇಲೆ ಬಿದ್ದು ತೆನೆ ತುಂಬುವುದು.

6. ಹುಳು.— 2018ರಲ್ಲಿ ಭಾರತದಲ್ಲಿ, ಕರ್ನಾಟಕದಲ್ಲಿಯೇ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವು ಸುಳಿಯೊಳಗಡಗಿ ಎಲೆಗಳನ್ನು ತಿನ್ನುವುದು. ಸುಳಿಯಲ್ಲಿ ಮರದ ಹೊಟ್ಟಿನಂತಹ ಹಿಕ್ಕೆಯು ಅದರ ಗುರುತು. ಎರಡು ದಿನಕ್ಕೊಮ್ಮೆ ಗಿಡಗಳನ್ನು ನೋಡಿ ಮೊಟ್ಟೆಯ ಗುಂಪನ್ನು ಹೊಸಕಿಹಾಕಬೇಕು. ಹುಳುವನ್ನು ಹೆಕ್ಕಿ ಕೊಲ್ಲಬೇಕು. 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಸೋಸಿ ಸುಳಿಗೆ ಸಿಂಪಡಿಸುವುದು ಎಳೆಯ ಹುಳುವಿಗೆ ತಕ್ಕ ಉಪಾಯ.

7. ಕೊಯ್ಲು.— ಕೂದಲು ಹೊರಟು ಸುಮಾರು 20 ದಿನಗಳಾದ ಮೇಲೆ ಅದು ಕಂದಾಗಿ ಒಣಗುವುದು. ಆಗ ತೆನೆಯ ಸಿಪ್ಪೆಯನ್ನು ಸ್ವಲ್ಪ ಸರಿಸಿ ಕಾಳನ್ನು ಉಗುರಿನಿಂದ ಒತ್ತಿ ನೋಡಬೇಕು. ನೀರು ಬಂದರೆ ಇನ್ನೂ ಎಳೆಯದು. ಹಾಲು ಬಂದರೆ ಹದ. ಹಿಟ್ಟಿನಂತಿದ್ದರೆ ಹದ ಮೀರಿತು. ಬೆಳಗಿನ ತಂಪಿನಲ್ಲಿ ಮುರಿದು ಅಂದೇ ಬೇಯಿಸುವುದು ಉತ್ತಮ. ತಡಮಾಡಿದಷ್ಟೂ ಸಿಹಿಯು ಕಡಿಮೆಯಾಗುವುದು. ಪೇಟೆಯ ತೆನೆಗಿಂತ ಹಿತ್ತಲಿನ ತೆನೆಯು ರುಚಿಯಾಗಿರುವುದಕ್ಕೆ ಇದೇ ಕಾರಣ. ತೆನೆ ಮುರಿದ ಹಸಿ ದಂಟು ದನಗಳಿಗೆ ಮೇವಾಗುವುದು.

ಚೌಕ ಮಡಿ, ಗೋವಿನಜೋಳದಿಂದ ಅಂತರ, ಹೂವಿನ ಕಾಲದ ನೀರು, ಹದವರಿತ ಕೊಯ್ಲು— ಈ ನಾಲ್ಕನ್ನು ತಪ್ಪದೆ ನಡೆಸಿದವರು ಬೀಜಕ್ಕೆ ಹಾಕಿದ ಹಣಕ್ಕೆ ಮರುಗಬೇಕಾಗುವುದು ಅಪರೂಪ.