ಕ್ರೈಸ್ತ ಸಿದ್ಧಾಂತದಲ್ಲಿ ಅನ್ಯಧರ್ಮಗಳ ನೆಲೆ: ಒಂದು ವಿವೇಚನೆ

ಕ್ರಿಸ್ತನೊಬ್ಬನೇ ಲೋಕರಕ್ಷಕನೆಂದು ಸಾರುವ ಕ್ರೈಸ್ತ ಸಿದ್ಧಾಂತವು ಇತರ ಧರ್ಮಗಳ ನಂಬಿಕೆಗಳಿಗೆ ಎಡೆಗೊಡಬಲ್ಲುದೇ ಎಂಬುದು ಧರ್ಮಗಳ ತೌಲನಿಕ ಅಧ್ಯಯನದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ. ಇದಕ್ಕೆ ಒಂದೇ ಮಾತಿನ ಉತ್ತರವನ್ನು ನಿರೀಕ್ಷಿಸುವವರೇ ಹೆಚ್ಚು. ಆದರೆ ಈ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಅನ್ಯಧರ್ಮೀಯನಿಗೆ ರಕ್ಷಣೆ ಉಂಟೇ ಎಂಬುದು ಮೊದಲನೆಯದು. ಅವನ ಧರ್ಮದಲ್ಲಿ ಸತ್ಯಾಂಶವಿದೆಯೇ ಎಂಬುದು ಎರಡನೆಯದು. ಆ ಧರ್ಮವು ತನ್ನಷ್ಟಕ್ಕೆ ತಾನೇ ದೇವರೆಡೆಗೆ ಒಯ್ಯುವ ಮಾರ್ಗವೇ ಎಂಬುದು ಮೂರನೆಯದು. ಇವನ್ನು ಬೇರ್ಪಡಿಸಿ ನೋಡಿದಾಗ ಕ್ರೈಸ್ತ ಚಿಂತನೆ ಎಲ್ಲಿಯವರೆಗೆ ಬಂದಿದೆ, ಎಲ್ಲಿ ತಡೆದು ನಿಂತಿದೆ ಎಂಬುದು ಸ್ಪಷ್ಟವಾಗುತ್ತದೆ.

ಹೊಸ ಒಡಂಬಡಿಕೆಯಲ್ಲಿಯೇ ಎರಡು ಧಾರೆಗಳಿವೆ. ತನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿ ಸೇರಲಾರರೆಂದು ಯೇಸು ನುಡಿಯುವುದು ಯೋಹಾನನ ಸುವಾರ್ತೆಯಲ್ಲಿ. ಸಕಲ ಮನುಷ್ಯರನ್ನೂ ಬೆಳಗುವ ದಿವ್ಯಜ್ಯೋತಿಯ ಪ್ರಸ್ತಾಪವಿರುವುದೂ ಅದೇ ಸುವಾರ್ತೆಯ ಆರಂಭದಲ್ಲಿ. ‘ಅಪೊಸ್ತಲರ ಕೃತ್ಯಗಳು’ ಗ್ರಂಥದಲ್ಲಿ ಯೇಸುವಿನ ಹೆಸರಲ್ಲದೆ ರಕ್ಷಣೆಗೆ ಬೇರೆ ಹೆಸರಿಲ್ಲವೆಂದ ಪೇತ್ರನೇ, ಮುಂದೆ ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಯಲ್ಲಿ ದೇವರು ಪಕ್ಷಪಾತಿಯಲ್ಲವೆಂದು ಒಪ್ಪುತ್ತಾನೆ. ಅಥೆನ್ಸಿನಲ್ಲಿ ಪೌಲನು ತನ್ನ ಉಪದೇಶವನ್ನು ಆರಂಭಿಸುವುದು ಆ ಊರಿನವರು ‘ಅರಿಯದ ದೇವರಿಗೆ’ ಕಟ್ಟಿದ್ದ ಬಲಿಪೀಠವೊಂದನ್ನು ಆಧಾರವಾಗಿಟ್ಟುಕೊಂಡು.

ಮುಂದಿನ ಇತಿಹಾಸವು ಈ ಎರಡು ಧಾರೆಗಳ ನಡುವಿನ ತಿಕ್ಕಾಟವೆನ್ನಬಹುದು. ಯೋಹಾನನ ಸುವಾರ್ತೆಯ ಮೊದಲ ಸಾಲಿನ ‘ಲೋಗೋಸ್’ ಎಂಬ ಗ್ರೀಕ್ ಶಬ್ದ ಕನ್ನಡ ಬೈಬಲಿನಲ್ಲಿ ‘ವಾಕ್ಯ’ವಾಗಿದೆ. ಗ್ರೀಕಿನಲ್ಲಿ ಅದಕ್ಕೆ ಮಾತು ಎಂಬ ಅರ್ಥದೊಡನೆ ವಿವೇಕ, ವಿಶ್ವವನ್ನು ನಡೆಸುವ ತತ್ತ್ವ ಎಂಬ ಅರ್ಥಗಳೂ ಉಂಟು. ಕನ್ನಡದ ಓದುಗನಿಗೆ ಅವು ಸುಲಭವಾಗಿ ಹೊಳೆಯುವುದಿಲ್ಲ. 2ನೆಯ ಶತಮಾನದ ಜಸ್ಟಿನ್ ತನ್ನ ವಾದವನ್ನು ಕಟ್ಟಿದ್ದು ಈ ಅರ್ಥಗಳ ಮೇಲೆಯೇ. ಲೋಗೋಸಿನ ಬೀಜ ಎಲ್ಲ ಮನುಷ್ಯರಲ್ಲಿಯೂ ಇದೆ. ಅದಕ್ಕನುಗುಣವಾಗಿ ಬಾಳಿದ ಸಾಕ್ರಟೀಸ್, ಹೆರಾಕ್ಲಿಟಸ್ ಮೊದಲಾದವರೂ ಒಂದರ್ಥದಲ್ಲಿ ಕ್ರೈಸ್ತರೇ ಎಂದು ಆತ ಹೇಳಿದ. ಸಭೆಯ ಹೊರಗೆ ರಕ್ಷಣೆಯಿಲ್ಲವೆಂಬ ಮಾತು 3ನೆಯ ಶತಮಾನದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ನಿಂದ ಬಂದಿತು. ಅವನ ಕಣ್ಣಿದ್ದುದು ಅನ್ಯಧರ್ಮೀಯರ ಮೇಲಲ್ಲ, ಸಭೆಯಿಂದ ಒಡೆದುಹೋದ ಕ್ರೈಸ್ತರ ಮೇಲೆ. ಕಾಲಾಂತರದಲ್ಲಿ ಆ ಮಾತು ಎಲ್ಲರಿಗೂ ಅನ್ವಯಗೊಂಡಿತು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆಯ ಘೋಷಣೆಯೊಂದು ಸಭೆಯ ಹೊರಗಿರುವವರೆಲ್ಲರಿಗೂ ನಿತ್ಯನರಕವನ್ನೇ ವಿಧಿಸಿತು.

ಈ ಕಠೋರ ನಿಲುವಿನಿಂದ ಕ್ಯಾಥೊಲಿಕ್ ಸಭೆ ಅಧಿಕೃತವಾಗಿ ದೂರ ಸರಿದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. ತನ್ನ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ ಉಳಿದು, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸುವವನಿಗೂ ರಕ್ಷಣೆ ಸಾಧ್ಯವೆಂದು 1964ರ ‘ಲುಮೆನ್ ಜೆಂಟಿಯುಮ್’ ಹೇಳಿತು. ಹಿಂದೂ, ಬೌದ್ಧ ಮೊದಲಾದ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಸಭೆ ತಿರಸ್ಕರಿಸುವುದಿಲ್ಲವೆಂದು 1965ರ ಅಕ್ಟೋಬರ್ 28ರ ‘ನೋಸ್ತ್ರ ಎತಾತೆ’ ಘೋಷಿಸಿತು. ನಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲೆರಡಕ್ಕೆ ಹೀಗೆ ಅನುಕೂಲವಾದ ಉತ್ತರ ದೊರೆಯಿತು. ಮೂರನೆಯದನ್ನು ಮಹಾಸಭೆ ಇತ್ಯರ್ಥಪಡಿಸಲಿಲ್ಲ.

ಇಲ್ಲಿ ಗಮನಿಸಬೇಕಾದ ತೊಡಕೊಂದಿದೆ. ಜರ್ಮನಿಯ ಕಾರ್ಲ್ ರಾನರ್ (1904–1984) ಅನ್ಯಧರ್ಮದ ಸಜ್ಜನರನ್ನು ‘ಅನಾಮಿಕ ಕ್ರೈಸ್ತ’ರೆಂದು ಕರೆದರು. ತಾವು ಅರಿಯದೆಯೇ ಅವರು ಕ್ರಿಸ್ತನ ಕೃಪೆಗೆ ಪಾತ್ರರೆಂಬುದು ಇದರ ತಾತ್ಪರ್ಯ. ಅದಕ್ಕೂ ಮೊದಲು, 1913ರಲ್ಲಿ, ಭಾರತದಲ್ಲಿದ್ದ ಮಿಷನರಿ ವಿದ್ವಾಂಸ ಜೆ. ಎನ್. ಫರ್ಕ್ಹರ್ ಹಿಂದೂ ಧರ್ಮದ ಹಂಬಲಗಳೆಲ್ಲ ಕ್ರಿಸ್ತನಲ್ಲಿ ಪೂರ್ಣಗೊಳ್ಳುತ್ತವೆಂದು ವಾದಿಸಿದ್ದರು. ಎರಡೂ ವಾದಗಳ ಹಿಂದೆ ಔದಾರ್ಯವಿದೆ, ಸಂದೇಹವಿಲ್ಲ. ಆದರೆ ಇವು ಅನ್ಯನನ್ನು ಸ್ವೀಕರಿಸುವುದು ಅವನು ತನ್ನನ್ನು ತಾನು ಅರಿತಿರುವ ರೂಪದಲ್ಲಲ್ಲ. ವೈಷ್ಣವನೊಬ್ಬನು ಕ್ರೈಸ್ತನನ್ನು ಕಂಡು, ‘ನೀನು ಅರಿಯದಿದ್ದರೂ ಪೂಜಿಸುತ್ತಿರುವುದು ನಮ್ಮ ನಾರಾಯಣನನ್ನೇ’ ಎಂದರೆ ಕ್ರೈಸ್ತನಿಗೆ ಸಮಾಧಾನವಾದೀತೇ? ಎಲ್ಲವನ್ನೂ ತನ್ನೊಳಗೆ ಅಡಗಿಸಿಕೊಳ್ಳುವ ಈ ಕ್ರಮ ಕ್ರೈಸ್ತರಿಗೆ ಮಾತ್ರ ಸೇರಿದ್ದಲ್ಲವೆಂಬುದನ್ನು ನಾವೂ ಒಪ್ಪಬೇಕು.

ಪ್ರಾಟೆಸ್ಟಂಟ್ ವಲಯದಲ್ಲಿ ಈ ಚರ್ಚೆ ತೀವ್ರಗೊಂಡದ್ದು ನಮ್ಮ ನೆಲದಲ್ಲಿಯೇ. 1938ರಲ್ಲಿ ಮದರಾಸಿನ ಬಳಿಯ ತಾಂಬರಂನಲ್ಲಿ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನ ನಡೆಯಿತು. ಅದಕ್ಕಾಗಿ ಗ್ರಂಥ ರಚಿಸಿದ ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್, ಕ್ರಿಸ್ತನಲ್ಲಿ ದೇವರು ತನ್ನನ್ನು ಪ್ರಕಟಿಸಿಕೊಂಡದ್ದಕ್ಕೂ ಮನುಷ್ಯರು ಕಟ್ಟಿಕೊಂಡ ಧರ್ಮಗಳಿಗೂ ನೇರವಾದ ಸೇತುವೆಯಿಲ್ಲವೆಂದರು. ಮದರಾಸಿನ ಪಿ. ಚೆಂಚಯ್ಯ ಮತ್ತು ಅವರ ಸಂಗಡಿಗರು ಅದೇ ವರ್ಷ ಪ್ರಕಟಿಸಿದ ಸಂಪುಟದಲ್ಲಿ, ಭಾರತೀಯ ಕ್ರೈಸ್ತನು ತನ್ನ ಹಿಂದೂ ಪರಂಪರೆಯನ್ನು ಕಳಚಿಟ್ಟು ಬರಬೇಕಾಗಿಲ್ಲವೆಂಬ ಭಿನ್ನದನಿಯನ್ನು ಎತ್ತಿದರು.

ಈ ಎರಡನೆಯ ದನಿಯನ್ನು ಜಾಗತಿಕ ವೇದಿಕೆಗೆ ಒಯ್ದವರು ಕನ್ನಡನಾಡಿನವರು. ಕಾರ್ಕಳದಲ್ಲಿ 1920ರಲ್ಲಿ ಜನಿಸಿದ ಸ್ಟ್ಯಾನ್ಲಿ ಜೆ. ಸಮರ್ಥ ಅವರು ಮಂಗಳೂರಿನ ದೇವಶಾಸ್ತ್ರ ಕಾಲೇಜಿನ ಪ್ರಾಂಶುಪಾಲರಾಗಿದ್ದು, 1971ರಲ್ಲಿ ಜಿನೀವಾದ ಚರ್ಚುಗಳ ಜಾಗತಿಕ ಮಂಡಳಿಯ ಧರ್ಮಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಅನ್ಯಧರ್ಮೀಯರೊಡನೆ ಸಂವಾದವು ಮತಪ್ರಚಾರದ ಉಪಾಯವಲ್ಲ, ನೆರೆಹೊರೆಯ ಬಾಳಿನ ಸಹಜ ಧರ್ಮವೆಂಬುದು ಅವರ ನಿಲುವು. 1975ರ ನೈರೋಬಿ ಅಧಿವೇಶನದಲ್ಲಿ ಇದು ಧರ್ಮಗಳ ಕಲಬೆರಕೆಗೆ ದಾರಿಯಾದೀತೆಂಬ ಆಕ್ಷೇಪ ಬಂದಿತು. ಆದರೂ 1979ರಲ್ಲಿ ಮಂಡಳಿ ಸಂವಾದದ ಮಾರ್ಗಸೂಚಿಗಳನ್ನು ಅಂಗೀಕರಿಸಿತು. 1991ರ ತಮ್ಮ ಗ್ರಂಥದಲ್ಲಿ ಸಮರ್ಥ ಅವರು ಎರಡು ಬಗೆಯ ಕ್ರಿಸ್ತತತ್ತ್ವಗಳನ್ನು ಹೋಲಿಸಿದ್ದಾರೆ. ಒಂದು ಹೆಲಿಕಾಪ್ಟರಿನಂತೆ ಮೇಲಿನಿಂದ ಇಳಿದು ಧೂಳೆಬ್ಬಿಸುವಂಥದು. ಇನ್ನೊಂದು ಎತ್ತಿನ ಗಾಡಿಯಂತೆ ನೆಲಕ್ಕೆ ತಾಗಿಯೇ ಸಾಗುವಂಥದು. ದೇವರು ಎಂಬ ರಹಸ್ಯ ಯಾವ ಒಂದು ಧರ್ಮದ ಅರಿವಿಗೂ ಪೂರ್ತಿ ದಕ್ಕುವುದಿಲ್ಲ. ಆದುದರಿಂದ ಕ್ರಿಸ್ತನು ಕ್ರೈಸ್ತನಿಗೆ ನಿರ್ಣಾಯಕನಾಗಿದ್ದೂ ಇತರರ ಮಾರ್ಗಗಳಿಗೆ ಬಾಗಿಲು ಮುಚ್ಚಬೇಕಾಗಿಲ್ಲ ಎಂಬುದು ಅವರ ವಾದದ ಸಾರ.

ಇದಕ್ಕೆದುರಾಗಿ ನಿಲ್ಲುವ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. 325ರ ನೈಸಿಯಾ ಮಹಾಸಭೆಯಿಂದ ಮುಂದಕ್ಕೆ ಕ್ರಿಸ್ತನು ದೇವರೊಡನೆ ಏಕಸ್ವರೂಪನೆಂಬುದೇ ಕ್ರೈಸ್ತ ವಿಶ್ವಾಸದ ತಿರುಳು. ಅವನು ಹಲವು ಮಾರ್ಗಗಳಲ್ಲಿ ಒಂದಾದರೆ ಆ ತಿರುಳು ಉಳಿಯುವುದೇ? 2000ದಲ್ಲಿ ವ್ಯಾಟಿಕನ್ ಹೊರಡಿಸಿದ ‘ದೋಮಿನುಸ್ ಯೇಸುಸ್’ ಎಂಬ ಪತ್ರ ಉಳಿಯದೆಂದೇ ತೀರ್ಮಾನಿಸಿತು. ಅನ್ಯಧರ್ಮೀಯರಿಗೆ ಕೃಪೆ ದೊರೆಯಬಹುದು, ಆದರೆ ಸಭೆಯಲ್ಲಿರುವವರಿಗೆ ಹೋಲಿಸಿದರೆ ಅವರದು ತೀವ್ರ ಕೊರತೆಯ ಸ್ಥಿತಿ ಎಂದು ಅದು ಸ್ಪಷ್ಟಪಡಿಸಿತು. ಸಮರ್ಥ ಅವರು 2001ರಲ್ಲಿ ತೀರಿಕೊಂಡರು. ಅವರು ಎತ್ತಿದ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಕನ್ನಡ ವಿದ್ಯಾರ್ಥಿಗೆ ಈ ಚರ್ಚೆ ಪರಕೀಯವಲ್ಲ. ಮತಾಂತರದ ಉದ್ದೇಶದಿಂದ ಬಂದ ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಅವರೇ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದರು. ಕಿಟೆಲ್ ಅವರು 1875ರಲ್ಲಿ ನಾಗವರ್ಮನ ಛಂದಸ್ಸನ್ನೂ 1894ರಲ್ಲಿ ತಮ್ಮ ನಿಘಂಟನ್ನೂ ನಮಗಿತ್ತರು. ಅವರು ಕಲಿತು ಬಂದ ಸಿದ್ಧಾಂತ ಒಪ್ಪದಿದ್ದುದನ್ನು ಅವರ ವಿದ್ವತ್ತು ಶ್ರದ್ಧೆಯಿಂದ ಕಾಪಾಡಿತು. ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸಬಲ್ಲುದನ್ನೇ ನಿಜವಾದ ಸಂಪತ್ತೆಂದು ಎಣಿಸಿದ ಕವಿರಾಜಮಾರ್ಗದ ದೃಷ್ಟಿಯನ್ನು ಇಲ್ಲಿ ನೆನೆಯಬಹುದು. ಆ ದೃಷ್ಟಿಯಲ್ಲಿ ಪರಧರ್ಮವು ಪರಧರ್ಮವಾಗಿಯೇ ಉಳಿಯುತ್ತದೆ. ಅದನ್ನು ತನ್ನದಾಗಿಸಿಕೊಂಡ ಬಳಿಕ ಸೈರಿಸುವುದಲ್ಲ. ಕ್ರೈಸ್ತ ಸಿದ್ಧಾಂತ ಇತರರನ್ನು ಒಳಗೊಳ್ಳಲು ಕಲಿತಿದೆ. ಇತರರನ್ನು ಇತರರಾಗಿಯೇ ಮನ್ನಿಸುವುದು ಅದರ ಮುಂದಿರುವ ಕೆಲಸ, ಮತ್ತು ಅದರ ಮುಂದೆ ಮಾತ್ರವಲ್ಲ.